ಅಮ್ಮ ಕನ್ನಡತಿ, ಅಪ್ಪ ಯಹೂದಿ: ಮಗಳು ಎಲ್ಲಿಗೆ ಸೇರಿದವಳು?

ಓದುಗರ ಪ್ರಶ್ನೆ (ಹೆಸರು ಹಾಕುವುದು ಬೇಡ ಎಂದಿದ್ದಾರೆ. ಪತ್ರವನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ):

"ನನ್ನ ಊರು ಶಿವಮೊಗ್ಗ. ನ್ಯೂಜೆರ್ಸಿಗೆ ಬಂದು ಹತ್ತು ವರ್ಷದ ಮೇಲಾಯಿತು. ಗಂಡ ಇಲ್ಲಿಯವರೇ, ಯಹೂದಿ. ಮದುವೆ ಆಗುವಾಗ ಇಬ್ಬರಿಗೂ ಧರ್ಮ ದೊಡ್ಡ ವಿಷಯ ಆಗಿರಲಿಲ್ಲ. ಮನೆಯಲ್ಲಿ ಗೌರಿ ಗಣೇಶ ಹಬ್ಬವೂ ನಡೆಯುತ್ತೆ, ಹನುಕ್ಕಾ ದೀಪವೂ ಹಚ್ಚುತ್ತೇವೆ. ಕಳೆದ ವರ್ಷ ಮಾವ ತೀರಿಕೊಂಡರು. ಅಪ್ಪನಿಗಾಗಿ ಕದ್ದಿಶ್ ಪ್ರಾರ್ಥನೆ ಹೇಳಬೇಕು ಅಂತ ಗಂಡ ಒಂದು ಕನ್ಸರ್ವೇಟಿವ್ ಸಿನಗಾಗಿಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಹೋಗಲು ಶುರು ಮಾಡಿದರು. ಈಗ ಐದು ವರ್ಷದ ಮಗಳೂ ಜೊತೆಗೆ ಹೋಗುತ್ತಾಳೆ, ಅವಳಿಗೆ ಅಲ್ಲಿನ ಹಾಡು ಅಂದರೆ ಪ್ರಾಣ. ಒಂದು ಶನಿವಾರ ನಾನೂ ಹೋದೆ. ಬಾಗಿಲಲ್ಲಿ ಗಾರ್ಡ್ ಗಂಡನನ್ನು ಬಿಟ್ಟು ನನ್ನೊಬ್ಬಳನ್ನೇ ನಿಲ್ಲಿಸಿ ಯಾರನ್ನು ನೋಡಬೇಕು ಅಂತ ಕೇಳಿದ. ಊಟದ ಹೊತ್ತಿಗೆ ಒಬ್ಬ ವಯಸ್ಸಾದ ಹೆಂಗಸು ಬಂದು ನೀವು ಈ ಮಗುವಿನ ನ್ಯಾನಿಯಾ ಅಂದರು. ಅದೇ ವಾರ ಮಗಳಿಗೆ ಒಬ್ಬ ಹುಡುಗ 'ನಿಮ್ಮಮ್ಮ ಜ್ಯೂಯಿಶ್ ಅಲ್ಲ, ಹಾಗಾಗಿ ನೀನೂ ಅಲ್ಲ' ಅಂದನಂತೆ. ಅತ್ತೆ ಹೇಳೋದು, ನೀನು ಕನ್ವರ್ಟ್ ಆಗಿಬಿಡು, ಎಲ್ಲ ಸರಿಹೋಗುತ್ತೆ ಅಂತ. ಊರಿನಿಂದ ಅಮ್ಮ ಫೋನ್ ಮಾಡಿ, ಮಗೂನ ಪೂರ್ತಿ ಅವರಿಗೇ ಕೊಟ್ಟುಬಿಟ್ಟೆಯಾ ಅಂತ ಅಳುತ್ತಾರೆ. ನನ್ನ ಮಗಳು ಯಹೂದಿಯೋ ಅಲ್ಲವೋ? ನಾನು ಮತಾಂತರ ಆಗಲೇಬೇಕಾ? ಆದರೂ ನಮ್ಮ ಬಣ್ಣ ಹಾಗೇ ಇರುತ್ತಲ್ಲ? ಭಾನುವಾರ ಅವಳನ್ನು ಬಾಲವಿಹಾರಕ್ಕೂ (ಮಕ್ಕಳ ಹಿಂದೂ ಧರ್ಮದ ತರಗತಿ) ಕಳಿಸಬೇಕು ಅಂತ ನನ್ನ ಆಸೆ, ಅದು ತಪ್ಪಾ?"

ಉತ್ತರ:

ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ನಿಮ್ಮನ್ನು ಕಾಡುತ್ತಿರುವ ವಿಷಯ ಎರಡು ಅಂತ ನನಗೆ ಕಾಣುತ್ತದೆ. ಯಹೂದಿ ಧರ್ಮಶಾಸ್ತ್ರದ ಲೆಕ್ಕದಲ್ಲಿ ಮಗಳು ಯಾರು ಅನ್ನೋದು ಒಂದು. ಆ ಜನರ ನಡುವೆ ಅವಳಿಗೂ ನಿಮಗೂ ಜಾಗ ಇದೆಯಾ ಅನ್ನೋದು ಇನ್ನೊಂದು. ಎರಡೂ ಒಂದೇ ಅಂತ ನಿಮ್ಮ ಅತ್ತೆ ಅಂದುಕೊಂಡಿದ್ದಾರೆ, ಅದಕ್ಕೇ ಕನ್ವರ್ಟ್ ಆಗಿಬಿಡು ಅನ್ನುತ್ತಾರೆ. ಇಲ್ಲಿ ಬೇರೆ ಬೇರೆ ಧರ್ಮದವರು ಮದುವೆಯಾದ ಮನೆಗಳ ಜೊತೆ ಕೆಲಸ ಮಾಡುವ ಕುಟುಂಬ ಸಲಹೆಗಾರ್ತಿ ನಾನು. ಎಲ್ಲ ವಿಧಿ ಮುಗಿಸಿ ಮತಾಂತರ ಆದ ಮೇಲೂ ಬಾಗಿಲಲ್ಲಿ ನಿಲ್ಲಿಸಿಕೊಂಡವರು ನನ್ನ ಹತ್ತಿರ ಬಂದಿದ್ದಾರೆ. ಮತಾಂತರವೇ ಆಗದೆ, ಸಿನಗಾಗಿನ ಅಡುಗೆಮನೆಯಿಂದ ಹಿಡಿದು ಮಕ್ಕಳ ನಾಟಕದವರೆಗೆ ಎಲ್ಲರಿಗೂ ಬೇಕಾದವರಾಗಿರುವ ತಾಯಂದಿರೂ ಬಂದಿದ್ದಾರೆ. ಶಾಸ್ತ್ರದ ಪ್ರಶ್ನೆಗೆ ವಿಧಿಯಲ್ಲಿ ಉತ್ತರ ಇದೆ. ಜಾಗದ ಪ್ರಶ್ನೆಗೆ ವಿಧಿಯಲ್ಲಿ ಉತ್ತರ ಇಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡು ಓದಿ.

ಮೊದಲು ಶಾಸ್ತ್ರ. ಮಗಳು ಯಹೂದಿಯೋ ಅಲ್ಲವೋ ಅನ್ನೋದು ನೀವು ಯಾರನ್ನು ಕೇಳುತ್ತೀರಿ ಅನ್ನೋದರ ಮೇಲೆ ನಿಂತಿದೆ. ಹಳೆಯ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಆರ್ಥಡಾಕ್ಸ್ ಪಂಥ, ನಡುದಾರಿಯ ಕನ್ಸರ್ವೇಟಿವ್ ಪಂಥ, ಎರಡರಲ್ಲೂ ತಾಯಿ ಯಹೂದಿಯಾದರೆ ಮಗು ಯಹೂದಿ. ತಾಯಿ ಅಲ್ಲವಾದರೆ ಮಗು ಮತಾಂತರದ ವಿಧಿ ಮಾಡಿಸಿಕೊಳ್ಳಬೇಕು. ಅಮೆರಿಕದ ರಿಫಾರ್ಮ್ ಅನ್ನುವ ಉದಾರ ಪಂಥದ ರಬ್ಬಿಗಳು (ಧರ್ಮಗುರುಗಳು) 1983ರಲ್ಲಿ ಬೇರೆ ತೀರ್ಮಾನ ಮಾಡಿದರು. ತಂದೆ ತಾಯಿಯರಲ್ಲಿ ಯಾರೊಬ್ಬರು ಯಹೂದಿಯಾಗಿದ್ದರೂ ಸಾಕು, ಆದರೆ ಮಗು ಯಹೂದಿಯಾಗಿಯೇ ಬೆಳೆಯಬೇಕು, ಹೀಬ್ರೂ ಹೆಸರಿಡುವುದು, ತೋರಾ ಅನ್ನುವ ಧರ್ಮಗ್ರಂಥ ಕಲಿಯುವುದು, ಹನ್ನೆರಡು ಹದಿಮೂರನೇ ವಯಸ್ಸಿನಲ್ಲಿ ಹುಡುಗಿಗೆ ಮಾಡುವ ಬಾತ್ ಮಿಟ್ಸ್ವಾ, ಹೀಗೆ ನಾಲ್ಕು ಜನರೆದುರು ಆಗುವ ಕಾರ್ಯಗಳಲ್ಲಿ ಅದು ಕಾಣಬೇಕು ಅಂದರು. ರಿಕನ್‌ಸ್ಟ್ರಕ್ಷನಿಸ್ಟ್ ಅನ್ನುವ ಚಿಕ್ಕ ಪಂಥ ಈ ದಾರಿಯನ್ನು 1968ರಲ್ಲೇ ಹಿಡಿದಿತ್ತು.

ಅಂದರೆ ಆ ಹುಡುಗ ಸುಳ್ಳು ಹೇಳಲಿಲ್ಲ. ತನ್ನ ಸಿನಗಾಗಿನ ನಿಯಮವನ್ನು ಎಲ್ಲೋ ದೊಡ್ಡವರ ಬಾಯಲ್ಲಿ ಕೇಳಿದ್ದ, ಹಾಗೇ ಒಪ್ಪಿಸಿದ. ಹತ್ತು ನಿಮಿಷ ಕಾರು ಓಡಿಸಿ ಒಂದು ರಿಫಾರ್ಮ್ ಸಿನಗಾಗಿಗೆ ಹೋದರೆ ಅದೇ ಮಗಳನ್ನು ಯಹೂದಿಯಾಗಿ ಬೆಳೆಸಲು ಯಾವ ಅಡ್ಡಿಯೂ ಇಲ್ಲ. ಐದು ವರ್ಷದ ಮಗುವಿಗೆ ಇದನ್ನೆಲ್ಲ ಬಿಡಿಸಿ ಹೇಳೋಕಾಗಲ್ಲ. "ಅಪ್ಪ ಯಹೂದಿ, ಅಮ್ಮ ಹಿಂದೂ, ನೀನು ನಮ್ಮಿಬ್ಬರ ಮಗಳು, ಈ ಹಾಡುಗಳು ನಿನ್ನವೂ ಹೌದು" ಅನ್ನಿ. ಸದ್ಯಕ್ಕೆ ಅಷ್ಟು ಸಾಕು, ಮತ್ತು ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇಸ್ರೇಲಿನಲ್ಲಂತೂ ಒಂದೇ ಸರ್ಕಾರದ ಎರಡು ಕಚೇರಿ ಎರಡು ಉತ್ತರ ಕೊಡುತ್ತವೆ. 1950ರ ಮರಳುವಿಕೆಯ ಕಾಯ್ದೆಗೆ 1970ರಲ್ಲಿ ಆದ ತಿದ್ದುಪಡಿಯ ಪ್ರಕಾರ ಯಹೂದಿಯ ಮಗ, ಮಗಳು, ಮೊಮ್ಮಕ್ಕಳು ಎಲ್ಲರಿಗೂ ಅಲ್ಲಿ ನೆಲೆಸುವ ಹಕ್ಕಿದೆ. ನಿಮ್ಮ ಮಗಳಿಗೂ ಇದೆ. ಆದರೆ ಯಹೂದಿಗಳ ಮದುವೆ ಅಲ್ಲಿ ಆರ್ಥಡಾಕ್ಸ್ ರಬ್ಬಿಗಳ ಕೈಯಲ್ಲಿದೆ, ಸಿವಿಲ್ ಮದುವೆ ಮಾಡಿಸುವ ಕಚೇರಿಯೇ ಇಲ್ಲ. ಆ ರಬ್ಬಿಗಳ ದಾಖಲೆಯಲ್ಲಿ ಅವಳು ಯಹೂದಿ ಅಲ್ಲ.

ತಾಯಿಯ ಕಡೆಯಿಂದಲೇ ಲೆಕ್ಕ ಅನ್ನೋದು ಮೋಶೆಯ ಕಾಲದಿಂದ ಹಾಗೇ ಬಂದಿದೆ ಅಂತ ತುಂಬಾ ಜನ ಹೇಳುತ್ತಾರೆ. ಹಾಗಿಲ್ಲ. ಹೀಬ್ರೂ ಬೈಬಲ್ಲಿನಲ್ಲಿ ವಂಶ ಸಾಗೋದು ತಂದೆಯ ಕಡೆಯಿಂದ. ಮೋಶೆಯ ಹೆಂಡತಿ ಚಿಪ್ಪೋರಾ ಮಿದ್ಯಾನಿನ ಪೂಜಾರಿಯ ಮಗಳು. ಸೊಲೊಮೋನನ ನಂತರ ಯೆಹೂದದ ಸಿಂಹಾಸನ ಏರಿದ ಮಗನ ತಾಯಿ ಅಮ್ಮೋನಿನವಳು. ತಾಯಿಯ ನಿಯಮ ಸ್ಪಷ್ಟವಾಗಿ ಸಿಗೋದು ರಬ್ಬಿಗಳ ನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ, ಅಂದರೆ ಸುಮಾರು 1800 ವರ್ಷದ ಹಿಂದೆ. ದಯವಿಟ್ಟು ಇದನ್ನು ಹಿಡಿದುಕೊಂಡು ಅತ್ತೆಯ ಜೊತೆ ವಾದಕ್ಕೆ ಇಳಿಯಬೇಡಿ. 1800 ವರ್ಷ ಮನೆಮನೆಯಲ್ಲಿ ಪಾಲಿಸಿಕೊಂಡು ಬಂದ ನಿಯಮ ಅದು. ಅದನ್ನು ನಂಬುವವರು ನಿಮ್ಮ ಮೇಲಿನ ದ್ವೇಷಕ್ಕೆ ನಂಬುತ್ತಿಲ್ಲ. ಸುಮ್ನೆ ನಿಮ್ಮ ತಿಳಿವಳಿಕೆಗೆ ಇರಲಿ ಅಂತ ಹೇಳಿದೆ.

ಈಗ ಬಣ್ಣದ ಮಾತು. ನಿಮ್ಮ ಪತ್ರದಲ್ಲಿ ನನಗೆ ತುಂಬಾ ನೋವಾಗಿದ್ದು ಅಲ್ಲೇ.

ನ್ಯಾನಿಯಾ ಅಂತ ಕೇಳಿದ ಹೆಂಗಸಿನ ತಲೆಯಲ್ಲಿ ಯಹೂದಿ ಅಂದರೆ ಒಂದೇ ಥರದ ಮುಖ ಇದೆ. ಅದಕ್ಕೆ ಕಾರಣ ಇದೆ, ಆದರೆ ಕಾರಣ ಗೊತ್ತಾದ ಮಾತ್ರಕ್ಕೆ ಆ ಮಾತು ಸರಿ ಆಗೋದಿಲ್ಲ. 1881ರಿಂದ 1924ರವರೆಗೆ ಪೂರ್ವ ಯುರೋಪಿನಿಂದ 20 ಲಕ್ಷಕ್ಕೂ ಜಾಸ್ತಿ ಯಹೂದಿಗಳು ಅಮೆರಿಕಕ್ಕೆ ಬಂದರು. 1924ರ ಕಾನೂನು ಆ ಬಾಗಿಲು ಮುಚ್ಚಿತು. ಹಾಗಾಗಿ ಇಲ್ಲಿನ ಯಹೂದಿ ಸಮಾಜದಲ್ಲಿ ಹೆಚ್ಚಿನವರು ಅಶ್ಕೆನಾಜಿಗಳು, ಪೋಲೆಂಡ್, ರಷ್ಯಾ, ಲಿಥುವೇನಿಯಾ ಕಡೆಯ ಅಜ್ಜ ಅಜ್ಜಿಯರ ಮೊಮ್ಮಕ್ಕಳು. ಅವರ ಊಟ, ಅವರ ಯಿಡ್ಡಿಷ್ ಮಾತು, ಅವರ ನಗೆಚಾಟಿಕೆ, ಇದೇ ಯಹೂದಿತನ ಅಂತ ಆಗಿಹೋಯಿತು. 2020ರಲ್ಲಿ ಪ್ಯೂ ಸಂಸ್ಥೆ ಮಾಡಿದ ಸಮೀಕ್ಷೆಯಲ್ಲಿ ಅಮೆರಿಕದ ಯಹೂದಿಗಳಲ್ಲಿ ಶೇ 92 ಮಂದಿ ತಮ್ಮನ್ನು ಬಿಳಿಯರು ಅಂತ ಗುರುತಿಸಿಕೊಂಡರು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ, ಅದನ್ನು ಜನ ಓದದೆ ಮುಂದೆ ಹೋಗುತ್ತಾರೆ: ಶೇ 17 ಮಂದಿ ಯಹೂದಿಗಳ ಮನೆಯಲ್ಲಿ ಕನಿಷ್ಠ ಒಬ್ಬರಾದರೂ ಬಿಳಿಯರಲ್ಲದವರು ಇದ್ದಾರೆ. ನಿಮ್ಮ ಮನೆ ಆ ಶೇ 17ರೊಳಗಿನದು. ಆ ಊಟದ ಹಾಲ್‌ನಲ್ಲಿ ನಿಮ್ಮ ಥರದ ಮನೆ ನಿಮ್ಮದೊಂದೇ ಆಗಿರಲಾರದು.

ಅಮೆರಿಕ ಬಿಟ್ಟು ನೋಡಿದರೆ ಚಿತ್ರವೇ ಬೇರೆ. ಇರಾಕ್, ಮೊರಾಕೊ, ಇರಾನ್, ಯೆಮೆನ್‌ನಿಂದ ಬಂದ ಕುಟುಂಬಗಳು ಇಸ್ರೇಲಿನ ಜನಸಂಖ್ಯೆಯ ದೊಡ್ಡ ಪಾಲು. 1991ರ ಮೇ ತಿಂಗಳಲ್ಲಿ 36 ಗಂಟೆಯೊಳಗೆ 14 ಸಾವಿರಕ್ಕೂ ಹೆಚ್ಚು ಇಥಿಯೋಪಿಯಾದ ಯಹೂದಿಗಳನ್ನು ವಿಮಾನದಲ್ಲಿ ಅಲ್ಲಿಗೆ ಕರೆದೊಯ್ದರು. ನಮ್ಮ ದೇಶಕ್ಕೆ ಬಂದರೆ ಕೊಂಕಣ ಕರಾವಳಿಯಲ್ಲಿ ಮರಾಠಿ ಮಾತಾಡುವ ಬೆನೆ ಇಸ್ರೇಲರು, ಮಲಯಾಳಂ ಮಾತಾಡುವ ಕೊಚ್ಚಿಯವರು, ಕೋಲ್ಕತ್ತ ಮುಂಬೈಗಳಲ್ಲಿ ಬಾಗ್ದಾದಿಗಳು, ಮಣಿಪುರ ಮಿಜೋರಾಂನ ಬ್ನೇ ಮೆನಾಶೆ. ನಮ್ಮ ಬೆಂಗಳೂರಿನಲ್ಲೂ ಯಹೂದಿಗಳ ಚಿಕ್ಕ ಸ್ಮಶಾನ ಇದೆ, ಮೈಸೂರು ರಸ್ತೆಯ ಕಡೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ ಅದು. ನಿಮ್ಮ ಅಮ್ಮನಿಗೆ ಇದನ್ನು ಹೇಳಿ. ಯಹೂದಿಗಳು ಅಂದರೆ ಮಗಳನ್ನು ಕಿತ್ತುಕೊಂಡ ಅಮೆರಿಕದವರು ಅಂತ ಅವರು ನೋಡುತ್ತಿರಬಹುದು. ಕೊಂಕಣದ ಬೆನೆ ಇಸ್ರೇಲರು ಶುಭಕಾರ್ಯಕ್ಕೆ ಮೊದಲು ಅವಲಕ್ಕಿಗೆ ತೆಂಗಿನತುರಿ, ಸಿಹಿ ಬೆರೆಸಿ, ಹಣ್ಣು ಇಟ್ಟು ಪ್ರವಾದಿ ಎಲಿಯಾನ ಹೆಸರಿನಲ್ಲಿ ಮಲಿದಾ ಮಾಡುತ್ತಾರೆ, ಮದುವೆಗೆ ಮುಂಚೆ ಮದುಮಗಳಿಗೆ ಮೆಹಂದಿ ಹಚ್ಚುತ್ತಾರೆ ಅಂತ ಗೊತ್ತಾದರೆ ಅಮ್ಮನಿಗೆ ಅಷ್ಟು ದೂರದವರು ಅನ್ನಿಸಲಿಕ್ಕಿಲ್ಲ.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ವೈವಿಧ್ಯ ಇದೆ ಅಂದಮಾತ್ರಕ್ಕೆ ಎಲ್ಲರನ್ನೂ ಸಮನಾಗಿ ಕಂಡರು ಅಂತಲ್ಲ. ಕೊಚ್ಚಿಯಲ್ಲೇ ಬಿಳಿ ಯಹೂದಿ, ಕಪ್ಪು ಯಹೂದಿ ಅನ್ನೋ ಭೇದ ಶತಮಾನಗಳ ಕಾಲ ನಡೆಯಿತು. 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗಿನಲ್ಲಿ ಕೆಲವರಿಗೆ ಕೂರಲು ಸರಿಯಾದ ಜಾಗ ಇರಲಿಲ್ಲ, ತೋರಾ ಓದಲು ಕರೆ ಬರುತ್ತಿರಲಿಲ್ಲ. ಎ.ಬಿ. ಸೇಲಂ ಅನ್ನುವ ವಕೀಲರು ಅದರ ವಿರುದ್ಧ ಗಾಂಧಿಯ ದಾರಿಯಲ್ಲಿ ಸತ್ಯಾಗ್ರಹ ಮಾಡಿದರು. ನಮ್ಮ ಜಾತಿ ಪದ್ಧತಿ ಅವರನ್ನೂ ಬಿಡಲಿಲ್ಲ ಅನ್ನೋದನ್ನು ನಾವು ಭಾರತೀಯರು ಒಪ್ಪಿಕೊಳ್ಳಬೇಕು.

ಬೆನೆ ಇಸ್ರೇಲರ ಕತೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಇಸ್ರೇಲಿಗೆ ಹೋಗಿ ನೆಲೆಸಿದ ಮೇಲೆ, 1962ರಲ್ಲಿ, ಅಲ್ಲಿನ ಮುಖ್ಯ ರಬ್ಬಿಗಳ ಕಚೇರಿ ಒಂದು ಸೂಚನೆ ಹೊರಡಿಸಿತು. ಬೆನೆ ಇಸ್ರೇಲರು ಬೇರೆ ಯಹೂದಿಗಳನ್ನು ಮದುವೆ ಆಗಬೇಕಾದರೆ ಅಜ್ಜ ಅಜ್ಜಿಯರಾಚೆಗೂ ವಂಶ ವಿಚಾರಿಸಿ ನೋಡಬೇಕು ಅಂತ. ನೂರಾರು ವರ್ಷ ಕೊಂಕಣದಲ್ಲಿ ಶನಿವಾರ ಗಾಣ ತಿರುಗಿಸದೆ, "ಶನಿವಾರ ತೇಲಿ" (ಶನಿವಾರ ದುಡಿಯದ ಗಾಣಿಗರು) ಅಂತಲೇ ಹೆಸರಾಗಿದ್ದ ಜನ ಅವರು. ಅಂಥವರನ್ನು ನೀವು ನಿಜವಾದ ಯಹೂದಿಗಳಾ ಅಂತ ಕೇಳಿದರು. ಅವರು ಸುಮ್ಮನೆ ಕೂರಲಿಲ್ಲ, ಬೀದಿಗೆ ಇಳಿದು ಧರಣಿ ಮಾಡಿದರು, ಎರಡು ವರ್ಷ ಬಿಡದೆ ಹೋರಾಡಿದರು. 1964ರಲ್ಲಿ ಇಸ್ರೇಲಿನ ಸಂಸತ್ತು ಬೆನೆ ಇಸ್ರೇಲರು ಎಲ್ಲ ರೀತಿಯಲ್ಲೂ ಯಹೂದಿಗಳೇ ಅಂತ ಹೇಳಿತು, ರಬ್ಬಿಗಳು ಸೂಚನೆಯನ್ನು ಬದಲಿಸಬೇಕಾಯಿತು. ಇವರಿಗೆ ತಾಯಿಯ ಕಡೆ, ತಂದೆಯ ಕಡೆ ಎರಡೂ ಇತ್ತು, ಶನಿವಾರದ ವಿಶ್ರಾಂತಿ ದಿನವಾದ ಶಬ್ಬಾತೂ ಇತ್ತು, ಸುನ್ನತಿಯೂ ಇತ್ತು. ಇದ್ದೂ ಅನುಮಾನಿಸಿದರು. ಇಥಿಯೋಪಿಯಾದಿಂದ ಬಂದವರ ಮಕ್ಕಳು ಪೊಲೀಸರ ನಡವಳಿಕೆಯ ವಿರುದ್ಧ 2015ರಲ್ಲೂ 2019ರಲ್ಲೂ ಇಸ್ರೇಲಿನಲ್ಲಿ ಬೀದಿಗಿಳಿದರು. ಹಾಗಾಗಿ "ಆದರೂ ನಮ್ಮ ಬಣ್ಣ ಹಾಗೇ ಇರುತ್ತಲ್ಲ" ಅಂತ ನೀವು ಬರೆದಿರೋದು ಸರಿಯಾಗಿಯೇ ಇದೆ. ಮತಾಂತರದ ಪತ್ರವನ್ನು ಯಾರೂ ಹಣೆಗೆ ಅಂಟಿಸಿಕೊಂಡು ಓಡಾಡೋದಿಲ್ಲ.

ಗಾರ್ಡ್ ನಿಲ್ಲಿಸಿದ್ದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಟ್ರೀ ಆಫ್ ಲೈಫ್ ಸಿನಗಾಗಿಗೆ ಒಬ್ಬ ನುಗ್ಗಿ ಪ್ರಾರ್ಥನೆಗೆ ಬಂದಿದ್ದ 11 ಜನರನ್ನು ಕೊಂದ. ಆಮೇಲೆ ಸಿನಗಾಗುಗಳ ಬಾಗಿಲಲ್ಲಿ ಬಂದೂಕು ಹಿಡಿದ ಕಾವಲು ಮಾಮೂಲಾಯಿತು, 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದ ನಂತರ ಇನ್ನೂ ಬಿಗಿಯಾಯಿತು. ಆ ಭಯ ನಿಜವಾದದ್ದು. ಆದರೆ ಭಯಪಟ್ಟ ಕಣ್ಣಿಗೆ ಬಿಳಿ ಮುಖ ಮನೆಯವರಂತೆ, ಕಂದು ಮುಖ ಹೊರಗಿನವರಂತೆ ಕಾಣುತ್ತದೆ. ಪಿಟ್ಸ್‌ಬರ್ಗ್‌ನಲ್ಲಿ ಗುಂಡು ಹಾರಿಸಿದವನು ಬಿಳಿಯ ಅನ್ನೋದು ಆ ಕಣ್ಣಿಗೆ ನೆನಪಿರೋದಿಲ್ಲ. ಎಲ್ಲರ ಚೀಲವನ್ನೂ ನೋಡಲಿ, ಎಲ್ಲರ ಹೆಸರನ್ನೂ ಕೇಳಲಿ, ಅದು ಭದ್ರತೆ. ಗಂಡನನ್ನು ಬಿಟ್ಟು ಹೆಂಡತಿಯನ್ನು ಮಾತ್ರ ನಿಲ್ಲಿಸೋದಕ್ಕೆ ಬೇರೆ ಹೆಸರಿದೆ. ಇದನ್ನು ಆಡಳಿತ ಮಂಡಳಿಗೆ ನೇರವಾಗಿ ಹೇಳಬೇಕು, ಮತ್ತು ಹೇಳಬೇಕಾದವರು ನಿಮ್ಮ ಗಂಡ. ಅದು ಅವರ ಸಿನಗಾಗು, ಅವರ ಜನ. ನೀವು ಹೇಳಿದರೆ ಅತಿಥಿಯ ದೂರು ಅನ್ನಿಸುತ್ತದೆ, ಅವರು ಹೇಳಿದರೆ ಮನೆಯವರ ಮಾತು ಅನ್ನಿಸುತ್ತದೆ. ಬೇಜಾರಿನ ಸಂಗತಿ, ಆದರೆ ಹಾಗೇ ಇದೆ. ಅವರು "ಅಯ್ಯೋ ಬಿಡು, ಬೇಕಂತ ಮಾಡಿರಲ್ಲ" ಅಂದು ಜಾರಿಕೊಂಡರೆ, ನಿಮಗೆ ಆ ಹೆಂಗಸಿನ ಮಾತಿಗಿಂತ ಇದೇ ಜಾಸ್ತಿ ನೋವು ಕೊಡುತ್ತದೆ. ಮನೆಗಳು ಒಡೆಯುವುದನ್ನು ನಾನು ಕಂಡಿರುವುದು ಇಂಥ ಜಾಗದಲ್ಲೇ, ಧರ್ಮದ ಚರ್ಚೆಯಲ್ಲಿ ಅಲ್ಲ.

ಅತ್ತೆಯ ಒತ್ತಡದ ಹಿಂದೆ ಏನಿದೆ ಅಂತಲೂ ನೋಡೋಣ. 1939ರಲ್ಲಿ ಲೋಕದಲ್ಲಿ ಸುಮಾರು 1 ಕೋಟಿ 65 ಲಕ್ಷ ಯಹೂದಿಗಳಿದ್ದರು. ಅದರಲ್ಲಿ 60 ಲಕ್ಷ ಮಂದಿಯನ್ನು ನಾಜಿಗಳು ಕೊಂದರು. ಇವತ್ತಿಗೂ ಆ ಹಳೆಯ ಸಂಖ್ಯೆಗೆ ಅವರು ಮರಳಿಲ್ಲ. ಇತ್ತ ಅಮೆರಿಕದಲ್ಲಿ 2010ರ ನಂತರ ಮದುವೆಯಾದ ಯಹೂದಿಗಳಲ್ಲಿ ಶೇ 61 ಮಂದಿಯ ಸಂಗಾತಿ ಯಹೂದಿ ಅಲ್ಲ ಅಂತ ಅದೇ ಪ್ಯೂ ಸಮೀಕ್ಷೆ ಹೇಳುತ್ತದೆ. ಗಂಡನನ್ನು ಕಳೆದುಕೊಂಡ, ವಯಸ್ಸಾದ ಒಬ್ಬ ಹೆಂಗಸು ಮೊಮ್ಮಗಳನ್ನು ನೋಡಿ "ನಮ್ಮದು ಇಲ್ಲಿಗೆ ಮುಗಿಯಿತಾ" ಅಂತ ಹೆದರೋದು ನನಗೆ ಅರ್ಥ ಆಗುತ್ತದೆ. ನಿಮ್ಮ ಅಮ್ಮ ಶಿವಮೊಗ್ಗದಲ್ಲಿ ಅಳುತ್ತಿರೋದೂ ಅದೇ ಭಯಕ್ಕೇ ಅಲ್ವಾ? ಇಬ್ಬರು ಅಜ್ಜಿಯರಿಗೂ ಭಯ ಒಂದೇ. ಆದರೆ ಅವರ ಭಯ ತಗ್ಗಿಸುವ ಜವಾಬ್ದಾರಿ ನಿಮ್ಮ ಧರ್ಮದ ಮೇಲೆ ಬೀಳಬಾರದು.

ಮತಾಂತರ ಆಗಲೇಬೇಕಾ ಅಂದಿರಿ. ಬೇಡ. ಯಹೂದಿ ಧರ್ಮ ಯಾರನ್ನೂ ಬಾ ಅಂತ ಕರೆಯುವುದಿಲ್ಲ, ಬಂದವರನ್ನು ಮೊದಲು ಹಿಂದಕ್ಕೆ ಕಳಿಸಿ ನೋಡುವ ಸಂಪ್ರದಾಯವೇ ಇದೆ. ಹಾಗಂತ ಹೊರಗಿನವರನ್ನು ಸೇರಿಸಿಕೊಳ್ಳುವುದೇ ಇಲ್ಲ ಅನ್ನುವುದೂ ತಪ್ಪು. ದಾವೀದನ ಮುತ್ತಜ್ಜಿ ರೂತ್ ಮೋವಾಬಿನವಳು, ಅವಳ ಕತೆಯನ್ನು ಪ್ರತಿ ವರ್ಷ ಶಾವುಓತ್ ಹಬ್ಬದಲ್ಲಿ ಓದುತ್ತಾರೆ. ಮತಾಂತರ ಆದವರಿಗೆ ಅವರ ಹಳೆಯದನ್ನು ನೆನಪಿಸಿ ನೋಯಿಸಬಾರದು ಅಂತ ರಬ್ಬಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್ ಕಟ್ಟುನಿಟ್ಟಾಗಿ ಹೇಳುತ್ತದೆ. ಓಬದ್ಯ ಅನ್ನುವ ಒಬ್ಬ ಮತಾಂತರಿತ, ನಾನು ಪ್ರಾರ್ಥನೆಯಲ್ಲಿ "ನಮ್ಮ ಪಿತೃಗಳ ದೇವರು" ಅನ್ನಬಹುದೇ ಅಂತ 12ನೇ ಶತಮಾನದಲ್ಲಿ ಯಹೂದಿಗಳ ದೊಡ್ಡ ಪಂಡಿತ ಮೈಮೊನಿಡಿಸ್‌ರನ್ನು ಕೇಳಿದ. ಖಂಡಿತ ಅನ್ನು, ನಿನಗೂ ನಮಗೂ ಯಾವ ಭೇದವೂ ಇಲ್ಲ ಅಂತ ಅವರು ಬರೆದರು. ನನ್ನ ಕೆಲಸದಲ್ಲಿ ನಾನು ಮತ್ತೆ ಮತ್ತೆ ಓದುವ ಪತ್ರ ಅದು.

ಅಂದರೆ ಮತಾಂತರ ಸತ್ವ ಇರುವ ವಿಷಯ, ಒಂದು ಫಾರಂ ಅಲ್ಲ. ಸಾಮಾನ್ಯವಾಗಿ ಒಂದು ವರ್ಷದಷ್ಟು ಓದು, ಶಬ್ಬಾತ್, ಹಬ್ಬ ಹರಿದಿನ, ಊಟದ ನಿಯಮ ರೂಢಿಸಿಕೊಳ್ಳುವುದು, ಕೊನೆಗೆ ಮೂವರ ಬೇತ್ ದೀನ್ (ಧಾರ್ಮಿಕ ನ್ಯಾಯಮಂಡಳಿ) ಮುಂದೆ ಮಾತು, ಮಿಕ್ವೆ ಅನ್ನುವ ವಿಧಿಸ್ನಾನದ ಕೊಳದಲ್ಲಿ ಮುಳುಗಿ ಏಳುವುದು. ಬೇತ್ ದೀನ್ ಕೇಳೋದು ಮುಖ್ಯವಾಗಿ ಯಾಕೆ ಅನ್ನೋದನ್ನೇ. "ಅತ್ತೆಗೆ ಸಮಾಧಾನ ಆಗಲಿ ಅಂತ" ಅನ್ನುವುದು ಅಲ್ಲಿ ಉತ್ತರ ಆಗೋದಿಲ್ಲ. ಜೊತೆಗೆ ಒಂದನ್ನು ಮುಚ್ಚಿಡದೆ ಹೇಳಬೇಕು: ಮತಾಂತರ ಆದ ಮೇಲೆ ಗೌರಿ ಗಣೇಶ ಇಟ್ಟು ಪೂಜೆ ಮಾಡುವಂತಿಲ್ಲ. ಹತ್ತು ಆಜ್ಞೆಗಳಲ್ಲಿ ಎರಡನೆಯದೇ ವಿಗ್ರಹದ ಬಗ್ಗೆ ಇರೋದು. ಇದನ್ನು ಅವರು ಎಷ್ಟು ಗಂಭೀರವಾಗಿ ತಗೋತಾರೆ ಅನ್ನೋದಕ್ಕೆ 2004ರಲ್ಲಿ ನಡೆದದ್ದನ್ನು ನೋಡಿ. ಮದುವೆಯಾದ ಆರ್ಥಡಾಕ್ಸ್ ಹೆಂಗಸರು ಹಾಕಿಕೊಳ್ಳುವ ವಿಗ್‌ಗಳಲ್ಲಿ ತಿರುಪತಿಯ ಮುಡಿ ಇದೆ ಅಂತ ತಿಳಿದು, ಜೆರುಸಲೇಮಿನ ಹಿರಿಯ ರಬ್ಬಿ ಎಲ್ಯಾಶಿವ್ ಅದನ್ನು ನಿಷೇಧಿಸಿದರು. ಬ್ರೂಕ್ಲಿನ್‌ನಲ್ಲಿ ಜನ ದುಬಾರಿ ವಿಗ್‌ಗಳನ್ನು ಬೀದಿಯಲ್ಲೇ ಸುಟ್ಟರು. ಎಲ್ಲರೂ ಅಲ್ಲೇ ನಿಂತಿಲ್ಲ ಅನ್ನೋದೂ ನಿಜ. ಇಸ್ರೇಲಿನ ಮುಖ್ಯ ರಬ್ಬಿಗಳ ಕಚೇರಿ ಮತ್ತು ಹಿಂದೂ ಧರ್ಮ ಆಚಾರ್ಯ ಸಭೆ 2007ರಲ್ಲಿ ದೆಹಲಿಯಲ್ಲಿ, 2008ರಲ್ಲಿ ಜೆರುಸಲೇಮಿನಲ್ಲಿ ಕೂತು ಮಾತಾಡಿದವು. ಹಿಂದೂಗಳು ಸಾಕಾರವಾಗಿ, ನಿರಾಕಾರವಾಗಿ ಆರಾಧಿಸುವುದು ಒಬ್ಬನೇ ಪರಮಾತ್ಮನನ್ನು ಅಂತ ಎರಡನೇ ಸಭೆಯ ಹೇಳಿಕೆ ಗುರುತಿಸಿತು. ಒಳ್ಳೆಯ ಹೆಜ್ಜೆ. ಆದರೆ ನಿಮ್ಮೂರಿನ ರಬ್ಬಿ ಅದರ ಆಧಾರದ ಮೇಲೆ ಮತಾಂತರ ಆದವರ ಮನೆಯಲ್ಲಿ ಪೂಜೆ ಇರಲಿ ಅನ್ನುತ್ತಾರೆ ಅಂತ ನಂಬಿಕೊಳ್ಳಬೇಡಿ. ನೀವು ಹಿಂದೂವಾಗಿಯೇ ಇದ್ದರೆ ಮಾತ್ರ ನಿಮ್ಮ ದೇವರಮನೆ ನಿಮ್ಮದು.

ನಿಮ್ಮ ಪತ್ರದಲ್ಲಿ ನಿಮಗೆ ಯಹೂದಿ ಧರ್ಮದ ಮೇಲೆ ಸೆಳೆತ ಇದೆ ಅಂತ ಒಂದು ಸಾಲೂ ಇಲ್ಲ. ಗಣೇಶನ ಬಗ್ಗೆ ಇದೆ, ಬಾಲವಿಹಾರದ ಬಗ್ಗೆ ಇದೆ. ಹಾಗಾಗಿ ಈಗ ಮತಾಂತರ ಬೇಡ ಅಂತಲೇ ನನ್ನ ಸಲಹೆ. ಹತ್ತು ವರ್ಷದ ನಂತರ ಮನಸ್ಸು ಆ ಕಡೆ ತಾನಾಗಿ ವಾಲಿದರೆ ಆಗ ನೋಡೋಣ. ಅತ್ತೆಗಾಗಿ ಮತಾಂತರ ಆದವರು ಒಳಗೊಳಗೇ ಸಿಟ್ಟು ಬೆಳೆಸಿಕೊಳ್ಳುತ್ತಾರೆ, ಆ ಸಿಟ್ಟು ಮಗುವಿಗೆ ದಾಟುತ್ತದೆ.

ಹಾಗಾದರೆ ಮಗಳ ವಿಷಯಕ್ಕೆ ಏನು ಮಾಡಬಹುದು? ಮೊದಲನೆಯದು, ಒಂದು ರಿಫಾರ್ಮ್ ಸಿನಗಾಗು ಹುಡುಕಿ ಅಲ್ಲಿ ಅವಳನ್ನು ಯಹೂದಿಯಾಗಿ ಬೆಳೆಸುವುದು. ಯಾವ ವಿಧಿಯೂ ಬೇಡ, ನೀವು ಹಿಂದೂವಾಗಿ ಅವಳ ಪಕ್ಕ ನಿಲ್ಲಬಹುದು. ತೊಂದರೆ ಏನೆಂದರೆ ಮುಂದೆ ಅವಳು ಒಬ್ಬ ಕನ್ಸರ್ವೇಟಿವ್ ಅಥವಾ ಆರ್ಥಡಾಕ್ಸ್ ಹುಡುಗನನ್ನು ಮದುವೆ ಆಗಬೇಕೆಂದರೆ ಪ್ರಶ್ನೆ ಮತ್ತೆ ಏಳುತ್ತದೆ. ಇಪ್ಪತ್ತು ವರ್ಷ ಯಹೂದಿಯಾಗಿ ಬದುಕಿದ ಹುಡುಗಿಗೆ ನೀನಲ್ಲ ಅಂದಾಗ ಆಗುವ ಪೆಟ್ಟು ಸಣ್ಣದಲ್ಲ, ಅದನ್ನು ಅವಳಿಗೆ ಹದಿಹರೆಯದಲ್ಲೇ ತಿಳಿಸಿರಬೇಕು. ಇನ್ನೊಂದು ದಾರಿ, ಈಗಿನ ಕನ್ಸರ್ವೇಟಿವ್ ಸಿನಗಾಗಿನಲ್ಲೇ ಉಳಿದು ಮಗಳೊಬ್ಬಳಿಗೆ ಮಿಕ್ವೆಯ ವಿಧಿ ಮಾಡಿಸುವುದು. ತಾಯಿ ಯಹೂದಿ ಅಲ್ಲದಿದ್ದರೂ ಮಕ್ಕಳಿಗೆ ಇದನ್ನು ಮಾಡಿಸುವ ಕನ್ಸರ್ವೇಟಿವ್ ರಬ್ಬಿಗಳು ಇದ್ದಾರೆ, ಬಾತ್ ಮಿಟ್ಸ್ವಾಕ್ಕೆ ಅಲ್ಲಿ ಅದು ಬೇಕೇ ಬೇಕು. ಚಿಕ್ಕಂದಿನಲ್ಲಿ ಮತಾಂತರ ಆದ ಮಗು ದೊಡ್ಡದಾದಾಗ ಬೇಡ ಅನ್ನಬಹುದು ಅಂತ ತಾಲ್ಮುದ್ದಿನಲ್ಲೇ ಅವಕಾಶ ಇದೆ, ಅದು ನನಗೆ ತುಂಬಾ ಹಿಡಿಸುವ ಮಾತು. ಆದರೆ ಮನೆಯಲ್ಲಿ ಯಹೂದಿ ಆಚರಣೆ ನಡೆಯುತ್ತದೆ ಅಂತ ನೀವಿಬ್ಬರೂ ಮಾತು ಕೊಡಬೇಕಾಗುತ್ತದೆ, ಆರ್ಥಡಾಕ್ಸರು ಈ ವಿಧಿಯನ್ನೂ ಒಪ್ಪುವುದಿಲ್ಲ, ಮತ್ತು ಮಗಳು ನೀರಿನಿಂದ ಎದ್ದು ಬರುವಾಗ ನಾನು ಹೊರಗೆ ಉಳಿದೆ ಅಂತ ನಿಮಗೆ ಅನ್ನಿಸಬಹುದು. ಅನ್ನಿಸಿದರೆ ಅದು ಸಣ್ಣತನ ಅಲ್ಲ.

ಎರಡೂ ಧರ್ಮವನ್ನು ಸಮಸಮ ಕಲಿಸುತ್ತೇವೆ, ದೊಡ್ಡವಳಾಗಿ ಅವಳೇ ಆರಿಸಿಕೊಳ್ಳಲಿ ಅನ್ನುವ ದಂಪತಿಗಳೂ ಇದ್ದಾರೆ. ಬಾಲವಿಹಾರದ ಪ್ರಶ್ನೆ ಬರೋದು ಇಲ್ಲೇ. ಬೇರೆ ಧರ್ಮದ ಪಾಠಕ್ಕೆ ಹೋಗದ ಮಕ್ಕಳನ್ನು ಮಾತ್ರ ಸಿನಗಾಗಿನ ಶಾಲೆಗೆ ಸೇರಿಸಿಕೊಳ್ಳಿ ಅಂತ ರಿಫಾರ್ಮ್ ಸಿನಗಾಗುಗಳ ಒಕ್ಕೂಟವೇ 1995ರಲ್ಲಿ ಸಲಹೆ ಮಾಡಿತು. ತುಂಬಾ ಉದಾರಿಗಳು ಅನ್ನಿಸಿಕೊಂಡವರೂ ಅಲ್ಲಿಗೆ ಗೆರೆ ಎಳೆದಿದ್ದಾರೆ. ಕೆಲವು ಕಡೆ ಈ ನಿಯಮ ಸಡಿಲ, ಕೆಲವು ಕಡೆ ಅರ್ಜಿಯಲ್ಲೇ ಬರೆದಿರುತ್ತದೆ. ಮುಚ್ಚಿಟ್ಟು ಎರಡೂ ಕಡೆ ಕಳಿಸಬೇಡಿ, ಐದು ವರ್ಷದ ಮಗು ಗುಟ್ಟು ಕಾಪಾಡಲ್ಲ, ಕಾಪಾಡು ಅಂತ ಹೇಳಿಕೊಡುವುದೂ ಒಳ್ಳೆಯದಲ್ಲ. ನನ್ನ ಅನುಭವದಲ್ಲಿ ಮಕ್ಕಳಿಗೆ ತರಗತಿಯಂಥ ಪಾಠ ಒಂದು ಕಡೆ ಸಾಕು, ಇನ್ನೊಂದು ಮನೆಯಲ್ಲಿ ಬದುಕಿನಲ್ಲಿ ಸಿಗಲಿ. ಹೀಬ್ರೂ ಶಾಲೆಯಲ್ಲಿ ಪಾಠ, ನಿಮ್ಮ ಮಡಿಲಲ್ಲಿ ಕನ್ನಡ, ಅಜ್ಜಿಯ ಫೋನಿನಲ್ಲಿ ಪ್ರಹ್ಲಾದನ ಕತೆ, ಚೌತಿಗೆ ಕಡುಬು. ಅಮ್ಮನ ಹಬ್ಬ ಅಂತ ಅವಳು ಅದನ್ನು ಪ್ರೀತಿಯಿಂದ ನೋಡುವುದಕ್ಕೆ ಹೆಚ್ಚಿನ ರಿಫಾರ್ಮ್ ರಬ್ಬಿಗಳ ಅಡ್ಡಿ ಇರೋದಿಲ್ಲ. ಬಾಲವಿಹಾರ ಕೈಬಿಡುವುದು ನಿಮಗೆ ನಷ್ಟವೇ. ನಷ್ಟ ಅಲ್ಲ ಅಂತ ನಾನು ಹೇಳಲ್ಲ. ಅದನ್ನು ಗಂಡನಿಗೆ ನಷ್ಟ ಅಂತಲೇ ಹೇಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲನೇ ದಾರಿ ಹಿಡಿಯುತ್ತಿದ್ದೆ. ಯಾಕೆಂದರೆ ಬೇಕಾದಾಗ ಅದಕ್ಕೆ ಎರಡನೆಯದನ್ನು ಸೇರಿಸಿಕೊಳ್ಳಬಹುದು. ನ್ಯೂಯಾರ್ಕಿನ ಸೆಂಟ್ರಲ್ ಸಿನಗಾಗಿನ ಮುಖ್ಯ ರಬ್ಬಿ ಆಂಜೆಲಾ ಬುಕ್‌ಡಾಲ್ ಅವರನ್ನು ನೋಡಿ. ಹುಟ್ಟಿದ್ದು ಸಿಯೋಲ್‌ನಲ್ಲಿ, ತಾಯಿ ಕೊರಿಯಾದ ಬೌದ್ಧರು, ತಂದೆ ಅಮೆರಿಕದ ಯಹೂದಿ. ತಂದೆಯ ಕಡೆಯಿಂದ ಯಹೂದಿಯಾಗಿ ರಿಫಾರ್ಮ್ ಸಿನಗಾಗಿನಲ್ಲಿ ಬೆಳೆದರು. 21ನೇ ವಯಸ್ಸಿನಲ್ಲಿ ತಾವೇ ಬಯಸಿ ಆರ್ಥಡಾಕ್ಸ್ ರೀತಿಯ ವಿಧಿಯನ್ನೂ ಮಾಡಿಸಿಕೊಂಡರು. 2001ರಲ್ಲಿ ರಬ್ಬಿ ಆದರು, 2014ರಲ್ಲಿ ಆ ದೊಡ್ಡ ಸಿನಗಾಗಿನ ಮುಖ್ಯಸ್ಥರಾದರು. ಆ ವಿಧಿಗೆ ತೀರ್ಮಾನ ಮಾಡಿದ್ದು ಅವರೇ, ಅಪ್ಪ ಅಮ್ಮ ಅಲ್ಲ. ಮಗಳಿಗೆ ಆ ಮುಖವನ್ನು ತೋರಿಸಿ. ತನ್ನ ಹಾಗೆ ಕಾಣುವ ಒಬ್ಬರು ತೋರಾ ಹಿಡಿದು ನಿಂತಿರೋದು ಅವಳಿಗೆ ಕಾಣಲಿ.

ಬಿಳಿಯರಲ್ಲದ ಯಹೂದಿ ಮನೆಗಳನ್ನು ಒಟ್ಟುಗೂಡಿಸುವ ಬೆಖೋಲ್ ಲಶೋನ್, ಮಿಶ್ರ ಮದುವೆಯವರಿಗೆ ಸಹಾಯ ಮಾಡುವ 18ಡೋರ್ಸ್ ಅನ್ನುವ ಸಂಸ್ಥೆಗಳು ಇಲ್ಲಿವೆ. ಹತ್ತಿರದ ರಬ್ಬಿಗಳನ್ನು, ಕುಟುಂಬಗಳನ್ನು ಹುಡುಕಲು ಅವರನ್ನು ಕೇಳಿ.

ಗಂಡ ಕದ್ದಿಶ್‌ಗಾಗಿ ಈಗಿನ ಸಿನಗಾಗನ್ನೇ ಹಿಡಿದುಕೊಳ್ಳಬಹುದು, ಅದಕ್ಕೆ ಅಡ್ಡ ಬರಬೇಡಿ. ಅಪ್ಪ ಅಮ್ಮನಿಗೆ ಕದ್ದಿಶ್ ಹೇಳುವುದು 11 ತಿಂಗಳು, ಅದಕ್ಕೆ ಹತ್ತು ಜನರ ಗುಂಪು, ಅಂದರೆ ಮಿನ್ಯಾನ್, ಬೇಕು. ದುಃಖದಲ್ಲಿ ಅವರ ಜೊತೆ ನಿಂತ ಹತ್ತು ಜನ ಅವರು. ಅದು ಮುಗಿಯುವವರೆಗೆ ಮಗಳ ಶಾಲೆಯ ತೀರ್ಮಾನವನ್ನು ಮುಂದಕ್ಕೆ ಹಾಕಿದರೂ ಏನೂ ಕೆಡೋದಿಲ್ಲ, ಬಾತ್ ಮಿಟ್ಸ್ವಾಕ್ಕೆ ಇನ್ನೂ ಏಳೆಂಟು ವರ್ಷ ಇದೆ. ಈ ನಡುವೆ ಎರಡು ಮೂರು ಸಿನಗಾಗುಗಳಿಗೆ ಮೂವರೂ ಹೋಗಿ ಬನ್ನಿ. ಪ್ರಾರ್ಥನೆ ಮುಗಿದ ಮೇಲಿನ ಕಿದ್ದುಶ್ ಊಟದಲ್ಲಿ ನಿಮ್ಮ ಪಕ್ಕ ಯಾರಾದರೂ ತಾವಾಗಿ ಬಂದು ಕೂರುತ್ತಾರಾ ನೋಡಿ. ರಬ್ಬಿಯನ್ನು ಒಬ್ಬರೇ ಇರುವಾಗ ಭೇಟಿ ಮಾಡಿ ನೇರವಾಗಿ ಕೇಳಿ: ನಾನು ಹಿಂದೂವಾಗಿ ಉಳಿಯುತ್ತೇನೆ, ಇಲ್ಲಿ ನನಗೆ ಸದಸ್ಯತ್ವ ಇದೆಯಾ? ಮಗಳ ಬಾತ್ ಮಿಟ್ಸ್ವಾದಲ್ಲಿ ನಾನು ವೇದಿಕೆಯ ಮೇಲೆ ನಿಲ್ಲಬಹುದಾ, ಯಾವ ಮಾತನ್ನು ಹೇಳಬಹುದು, ಯಾವುದನ್ನು ಹೇಳಬಾರದು? ಬೇರೆ ಮಗು ನಿನ್ನ ತಾಯಿ ಯಹೂದಿ ಅಲ್ಲ ಅಂದಾಗ ನಿಮ್ಮ ಟೀಚರ್ ಏನು ಹೇಳುತ್ತಾರೆ? ಪಾಸೋವರ್ ಹಬ್ಬದ ಊಟಕ್ಕೆ ನಾನು ಅನ್ನ ತಂದರೆ ಏನನ್ನುತ್ತೀರಿ? ಕೊನೆಯದು ತಮಾಷೆಯ ಪ್ರಶ್ನೆ ಅಲ್ಲ. ಅಶ್ಕೆನಾಜಿಗಳು ಆ ಎಂಟು ದಿನ ಅಕ್ಕಿ ಬೇಳೆ ಮುಟ್ಟುತ್ತಿರಲಿಲ್ಲ, ಸ್ಪೇನ್ ಮೂಲದ ಸೆಫಾರ್ದಿಗಳಲ್ಲಿ ತುಂಬಾ ಜನ ಅಕ್ಕಿ ತಿನ್ನುತ್ತಿದ್ದರು, ಅಮೆರಿಕದ ಕನ್ಸರ್ವೇಟಿವ್ ರಬ್ಬಿಗಳು 2015ರಲ್ಲಿ ಎಲ್ಲರಿಗೂ ಅನುಮತಿ ಕೊಟ್ಟರು. ಇದಕ್ಕೆ ಅವರು ಕೊಡುವ ಉತ್ತರದಲ್ಲಿ, ತಮ್ಮ ಅಜ್ಜಿಯ ಅಡುಗೆಮನೆಯಾಚೆಗೂ ಯಹೂದಿಗಳಿದ್ದಾರೆ ಅನ್ನೋದು ಆ ಜನಕ್ಕೆ ಗೊತ್ತಿದೆಯೋ ಇಲ್ಲವೋ ನಿಮಗೆ ತಿಳಿಯುತ್ತದೆ.

ಇನ್ನು ಮುಂದಿನ ಸಲ ಯಾರಾದರೂ ನ್ಯಾನಿಯಾ ಅಂದರೆ, "ಅಲ್ಲ, ಅವಳ ತಾಯಿ" ಅನ್ನಿ. ಬೇರೆ ವಿವರಣೆ ಕೊಡಬೇಡಿ, ನಗಬೇಡಿ, ಪರವಾಗಿಲ್ಲ ಅಂತಲೂ ಅನ್ನಬೇಡಿ. ಮಗಳಿಗೆ ಕೇಳಿಸುವಂತೆ ಹೇಳಿ.